ಸೆಕ್ಕಿ ಡಿಸ್ಕ್ ರೀಡಿಂಗ್ ಏರುಪೇರು ಆಗ್ತಿರೋದಕ್ಕೆ

ಸೆಕ್ಕಿ ಡಿಸ್ಕ್ ಅಂದ್ರೆ ನೀರು ಎಷ್ಟು ತಿಳಿಯಾಗಿದೆ ಅಂತ ನೋಡೋಕೆ ಹಗ್ಗ ಕಟ್ಟಿ ಇಳಿಸೋ ಬಿಳಿ ತಟ್ಟೆ, ಅದು ಮರೆಯಾಗೋ ಆಳವೇ ರೀಡಿಂಗ್. ಒಂದೇ ಜಾಗದಲ್ಲಿ ಹತ್ತು ನಿಮಿಷದಲ್ಲಿ ಒಂದ್ಸಲ 7 ಮೀಟರ್, ಒಂದ್ಸಲ 10 ಮೀಟರ್ ಬಂತು ಅಂದ್ರೆ ಪ್ಲಾಂಕ್ಟನ್ (ನೀರಲ್ಲಿ ತೇಲೋ ಸೂಕ್ಷ್ಮಜೀವಿಗಳು) ಬದಲಾಗಿಲ್ಲ, ಹೆಚ್ಚಾಗಿ ನಿಮ್ ಹಗ್ಗ ಓರೆ ಆಗ್ತಿದೆ. ಬೋಟ್ ಗಾಳಿಗೆ ಸರೀತಿದ್ರೆ ಹಗುರ ಡಿಸ್ಕ್ ಹಿಂದೆ ಉಳಿಯುತ್ತೆ, ಹಗ್ಗ 45 ಡಿಗ್ರಿ ವಾಲಿದ್ರೆ 10 ಮೀಟರ್ ಬಿಟ್ರೂ ನಿಜವಾದ ಆಳ 7 ಮೀಟರ್ ಅಷ್ಟೆ.

ಮೊದಲು ಆ 30 ಸೆಂಟಿಮೀಟರ್ ಬಿಳಿ ಡಿಸ್ಕ್ ಅಡಿಗೆ ಒಳ್ಳೆ ಭಾರ ಕಟ್ಟಿ, ಬಲೆಗೆ ಹಾಕೋ ಸೀಸದ ಗುಂಡು ನಾಲ್ಕೈದು ಸೇರಿಸಿದ್ರೂ ಆಗುತ್ತೆ. ನೈಲಾನ್ ಹಗ್ಗ ಆದ್ರೆ ನೀರಲ್ಲಿ ನೆನೆಸಿ ಆಮೇಲೆ ಮೀಟರ್ ಗುರುತು ಹಾಕಿ, ಒದ್ದೆಯಾದ್ರೆ ಅದರ ಉದ್ದ ಬದಲಾಗುತ್ತೆ (ನಾನು ಒಣಹಗ್ಗಕ್ಕೆ ಪೇಂಟ್ ಬಳಿದು ಒಂದು ಸೀಸನ್ ಡೇಟಾ ಎಸೆದೆ). ಆಮೇಲೆ ಇಂಜಿನ್ ಆಫ್ ಮಾಡಿ, ಬೋಟ್ ನಿಲ್ಲೋವರ್ಗೂ ಕಾದು, ಬೆಳಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ, ಕೂಲಿಂಗ್ ಗ್ಲಾಸ್ ತೆಗೆದು, ನಿಧಾನಕ್ಕೆ ಇಳಿಸಿ. ಮರೆಯಾದ ತಕ್ಷಣ ಸ್ವಲ್ಪ ಎತ್ತಿ ಮತ್ತೆ ಕಾಣುತ್ತಾ ನೋಡಿ, ನೀರಿನ ಮಟ್ಟಕ್ಕೆ ಹಗ್ಗದ ಮೇಲೆ ಬಟ್ಟೆ ಕ್ಲಿಪ್ ಹಾಕಿ. ಮೂರು ಸಲ ಮಾಡಿ, ಹಗ್ಗ ಓರೆಯಾದದ್ದನ್ನ ಬಿಟ್ಬಿಡಿ.

ಇಷ್ಟಾದ್ಮೇಲೂ ಏರುಪೇರು ಇದ್ರೆ ಜಾಗದ್ದೇ ತೊಂದ್ರೆ ಇರ್ಬಹುದು, ಪಕ್ಕಾ ಹೇಳಕ್ಕಾಗಲ್ಲ. ಮಲ್ಪೆ ಬಂದರಿನ ಹತ್ರ ಹೊಳೆ ಕೆಸರು ಸೇರುತ್ತೆ, ಅಲ್ಲಿ ಡಿಸ್ಕ್ ಕಾಣದೇ ಇರೋದಕ್ಕೆ ಪ್ಲಾಂಕ್ಟನ್ನೇ ಕಾರಣ ಅನ್ನಕ್ಕಾಗಲ್ಲ. ತಳ ಕಾಣದಷ್ಟು ಆಳಕ್ಕೆ, ಸ್ವಲ್ಪ ಹೊರಗೆ ಹೋಗಿ. ಆಳಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲ ಅಂತ ಚಿಂತೆ ಬೇಡ, ಮೊಬೈಲಿನ ಸೆಕ್ಕಿ ಆ್ಯಪ್ ಜಿಪಿಎಸ್ ಜೊತೆ ರೀಡಿಂಗ್ ಇಟ್ಕೊಂಡಿರುತ್ತೆ, ದಡಕ್ಕೆ ಬಂದ್ಮೇಲೆ ಕಳಿಸಿ.