ಮಗನ ಕೆಲಸ ಹೋಗಿದೆ, ಎಫ್‌ಡಿ ಮುರಿಸಿ ಸಾಲಕ್ಕೆ ಕಟ್ಟಲಾ?

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ನಾನು. ದಾವಣಗೆರೆ, ಹರಿಹರ, ಹೊಸದುರ್ಗ ಅಂತ ಸಾಲದ ಮೇಜಿನ ಹಿಂದೆಯೇ ಅರ್ಧ ಆಯಸ್ಸು ಕಳೆದಿದೆ. ಈಗ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ 'ಆರ್ಥಿಕ ಹಿಂಜರಿತ' ಅಂತಲೇ ಶುರುವಾಗುತ್ತವೆ. ಮುಂದಕ್ಕೆ ಓದಿದರೆ ಒಬ್ಬರಿಗೆ ಟೊಮೆಟೊ ದುಬಾರಿ, ಇನ್ನೊಬ್ಬರಿಗೆ ಬಾಡಿಗೆದಾರ ದುಡ್ಡು ಕೊಟ್ಟಿಲ್ಲ. ಟೊಮೆಟೊ ದುಬಾರಿಯಾದರೆ ಅದು ಬೆಲೆ ಏರಿಕೆ. ಟೊಮೆಟೊ ಅಗ್ಗವಾಗಿದ್ದರೂ ಕೊಳ್ಳುವವರ ಜೇಬಿನಲ್ಲಿ ದುಡ್ಡಿಲ್ಲ, ವ್ಯಾಪಾರ ಇಲ್ಲ ಅಂತ ಅಂಗಡಿಯವರು ಹುಡುಗನನ್ನು ಬಿಡಿಸುತ್ತಾರೆ, ಆ ಹುಡುಗ ಬೈಕಿನ ಕಂತು ಕಟ್ಟಲ್ಲ. ಇದು ಹಿಂಜರಿತ. ಎರಡಕ್ಕೂ ಮದ್ದು ಬೇರೆ ಬೇರೆ.

ಖರ್ಚು ಕಡಿಮೆ ಮಾಡಿ, ಲೆಕ್ಕ ಬರೆದಿಡಿ ಅಂತೆಲ್ಲ ನಾನು ಹೇಳುವುದಿಲ್ಲ. ಅದು ನಿಮ್ಮ ಮನೆಯ ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತು. ನೇರವಾಗಿ ಪ್ರಶ್ನೆಗೆ ಬರೋಣ. ಈ ಸಲ ಒಂದೇ ಪತ್ರಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಯಾಕೆಂದರೆ ಊರು, ಮೊತ್ತ ಬದಲಾದರೂ ಇದೇ ಪತ್ರ ಮತ್ತೆ ಮತ್ತೆ ಬರುತ್ತಿದೆ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಶಿಕ್ಷಕ, ದಾವಣಗೆರೆ ವಿದ್ಯಾನಗರದಲ್ಲಿದ್ದೇನೆ. ಮಗನಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಇತ್ತು. ಮೂರು ತಿಂಗಳ ಹಿಂದೆ ಕಂಪನಿಯವರು ತೆಗೆದರು. ಅವನ ಫ್ಲ್ಯಾಟ್ ಸಾಲ ಇನ್ನೂ 46 ಲಕ್ಷ ಇದೆ. ತಿಂಗಳಿಗೆ 41,000 ಕಂತು, ಇನ್ನು 19 ವರ್ಷ. ನನ್ನ ಹತ್ತಿರ 14 ಲಕ್ಷ ಎಫ್‌ಡಿ ಇದೆ. ಅದರಲ್ಲಿ 12 ಲಕ್ಷ ಸಾಲಕ್ಕೆ ಕಟ್ಟಿಬಿಟ್ಟರೆ ಭಾರ ಇಳಿಯುತ್ತೆ ಅಂತಾನೆ. ಸಾಲಕ್ಕೆ ನಾನೂ ಸಹಿ ಹಾಕಿದ್ದೇನೆ. ನೆಂಟರಿಗೆ ಗೊತ್ತಾಗಬಾರದು ಅಂತ 'ವರ್ಕ್ ಫ್ರಮ್ ಹೋಮ್' ಅಂದುಕೊಂಡು ಬಂದಿದ್ದೇವೆ. ಏನು ಮಾಡಲಿ?

ಮೇಷ್ಟ್ರೇ, ಕಟ್ಟಬೇಡಿ.

ನಿಮ್ಮ ಮಗ ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದ್ದಾನೆ. ಸಾಲಕ್ಕೆ ಒಟ್ಟಿಗೆ ದೊಡ್ಡ ಮೊತ್ತ ಕಟ್ಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಕಂತು ಇಳಿಸುವುದಿಲ್ಲ, ವರ್ಷ ಇಳಿಸುತ್ತಾರೆ. ಅಂದರೆ ಇವತ್ತು 12 ಲಕ್ಷ ಕೊಟ್ಟು ಬಂದರೂ ಮುಂದಿನ ತಿಂಗಳು ಅದೇ 41,000 ಕೇಳುತ್ತಾರೆ. ಕಂತು ಇಳಿಸಿ ಅಂತ ನೀವು ಬರೆದುಕೊಟ್ಟರೆ ಮಾತ್ರ ಇಳಿಸುತ್ತಾರೆ. ಸರಿ, ಬರೆದುಕೊಟ್ಟಿರಿ ಅಂತಲೇ ಇಟ್ಟುಕೊಳ್ಳಿ. ಕಂತು ಸುಮಾರು 30,000ಕ್ಕೆ ಬರುತ್ತೆ. ತಿಂಗಳಿಗೆ ಹತ್ತು ಹನ್ನೊಂದು ಸಾವಿರ ಉಳಿಸೋಕೆ ಕೈಯಲ್ಲಿದ್ದ 12 ಲಕ್ಷ ಕೊಟ್ಟ ಹಾಗಾಯಿತು. ಇನ್ನುಳಿದ 30,000 ಎಲ್ಲಿಂದ ತರುತ್ತೀರಿ?

ಅದೇ 12 ಲಕ್ಷ ಎಫ್‌ಡಿಯಲ್ಲೇ ಇದ್ದರೆ, ಬರುವ ಬಡ್ಡಿ ಬಿಟ್ಟು ಲೆಕ್ಕ ಹಾಕಿದರೂ, 41,000ದ ಕಂತನ್ನು 29 ತಿಂಗಳು ಕಟ್ಟಬಹುದು. ಮಗ ದಾವಣಗೆರೆಗೆ ಬಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟು, ಇಪ್ಪತ್ತೇ ಸಾವಿರ ಬಂದರೂ ನಿಮಗೆ ಬೀಳುವುದು ತಿಂಗಳಿಗೆ 21,000. ಆಗ ಆ ದುಡ್ಡು 57 ತಿಂಗಳು ಬರುತ್ತೆ. ಇಷ್ಟೂ ಹಣ ಖರ್ಚು ಮಾಡಿ ಅಂತ ಹೇಳುತ್ತಿಲ್ಲ, ಅದಕ್ಕೆ ಮುಂದೆ ಬರುತ್ತೇನೆ. ಸಾಲಕ್ಕೆ ಹೋದ ದುಡ್ಡು ಮಾತ್ರ ವಾಪಸ್ ಬರಲ್ಲ. ಸಂಬಳ ಇಲ್ಲದವನು ಟಾಪ್‌ಅಪ್, ಅಂದರೆ ಅದೇ ಮನೆಯ ಮೇಲೆ ಹೆಚ್ಚುವರಿ ಸಾಲ, ಕೇಳಿದರೆ ಯಾವ ಮ್ಯಾನೇಜರೂ ಕೊಡುವುದಿಲ್ಲ. ನಾನೂ ಕೊಡುತ್ತಿರಲಿಲ್ಲ.

ಇದನ್ನು ನಾನು ಬ್ಯಾಂಕಿನಲ್ಲಿ ಕಲಿತದ್ದಲ್ಲ. ನಮ್ಮಪ್ಪ ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿದ್ದರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಇನ್ನೂ ಹೆಸರಿತ್ತು, ಮಿಲ್ಲುಗಳು ಮಾತ್ರ ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಅಪ್ಪನಿಗೆ ಲೆಕ್ಕ ಚುಕ್ತಾ ಮಾಡಿ ಒಂದಿಷ್ಟು ಹಣ ಕೊಟ್ಟರು. ಸಂಜೆಯೇ ಹೋಗಿ ಮನೆ ಪತ್ರದ ಮೇಲಿದ್ದ ಸಾಲ ಪೂರ್ತಿ ತೀರಿಸಿ, ಪೇಡೆ ತಂದರು. ಋಣ ಹರಿಯಿತು ಅಂದರು. ನಾಲ್ಕು ತಿಂಗಳಿಗೆ ಅಮ್ಮನಿಗೆ ಆಪರೇಷನ್ ಆಗಬೇಕಾಯಿತು. ಅದೇ ಪತ್ರ, ಅದೇ ಸಾಹುಕಾರ. ಮೊದಲು ನೂರಕ್ಕೆ ಒಂದೂವರೆ ಇದ್ದ ಬಡ್ಡಿ ಈ ಸಲ ನೂರಕ್ಕೆ ಮೂರು. ಕೆಲಸ ಇಲ್ಲದವನಿಗೆ ರೇಟು ಬೇರೆ, ಅಲ್ವಾ? ಕೊನೆಗೆ ಆ ಸಾಲ ತೀರಿಸಿದ್ದು ಅಮ್ಮ ಖಾರ ಮಂಡಕ್ಕಿ, ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಹಾಕಿ. ಅಪ್ಪ ಸೈಕಲ್ ಮೇಲೆ ಡಬ್ಬ ಹೊತ್ತರು. ಮೊದಮೊದಲು ನಮ್ಮ ಓಣಿ ಬಿಟ್ಟು ದೂರದ ಓಣಿಗೇ ಹೋಗುತ್ತಿದ್ದರು.

ಅದಕ್ಕೇ ನಿಮ್ಮ ಪತ್ರದ ಕೊನೆಯ ಸಾಲು ನನಗೆ ಸಿಟ್ಟು ತರಿಸಿತು. ನಿಮ್ಮ ಮನೆಯಲ್ಲಿ ಈಗ ಎಲ್ಲಕ್ಕಿಂತ ದುಬಾರಿ ಆಗಿರುವುದು ಆ ವರ್ಕ್ ಫ್ರಮ್ ಹೋಮ್ ನಾಟಕ. ಅದಕ್ಕೋಸ್ಕರ ಕಾರು ಇಟ್ಟುಕೊಂಡಿರುತ್ತೀರಿ, ಮದುವೆ ಮನೆಯಲ್ಲಿ ಮೊದಲಿನಷ್ಟೇ ಮುಯ್ಯಿ ಹಾಕುತ್ತೀರಿ. ಎಲ್ಲಕ್ಕಿಂತ ಹೆಚ್ಚಾಗಿ, ಯಾರಿಗೂ ಗೊತ್ತಿಲ್ಲದಿದ್ದರೆ ಯಾರೂ ಕೆಲಸ ಹೇಳುವುದಿಲ್ಲ. ನೀವು ಪಾಠ ಹೇಳಿದ ಮಕ್ಕಳಲ್ಲಿ ಎಷ್ಟು ಜನ ಬೆಂಗಳೂರಿನಲ್ಲಿ ಒಳ್ಳೆಯ ಜಾಗದಲ್ಲಿಲ್ಲ? ಅವರಿಗೆ ಫೋನ್ ಮಾಡಿ.

ಬ್ಯಾಂಕಿಗೂ ಹೇಳಿ. ಕಂತು ತಪ್ಪುವುದಕ್ಕೆ ಮೊದಲೇ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಜಿಲ್ಲೆಯಲ್ಲೂ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ನಾನು ಹೊಸದುರ್ಗದಲ್ಲಿದ್ದೆ. ದೇಶಕ್ಕೆ ಹಿಂಜರಿತ ಏನೂ ಇರಲಿಲ್ಲ, ನಮ್ಮ ಶಾಖೆಗಿತ್ತು. ಸಾಲ ಮಾಡಿ ಕೊಂಡ ಲಾರಿಗಳು ರಾತ್ರೋರಾತ್ರಿ ನಿಂತವು. ಎರಡು ಲಾರಿ ಇದ್ದ ಒಬ್ಬರು ಮೊದಲ ವಾರವೇ ಬಂದು, "ಒಂದನ್ನು ಮಾರ್ತೀನಿ, ಇನ್ನೊಂದಕ್ಕೆ ಟೈಮ್ ಕೊಡಿ" ಅಂದರು. ಅವತ್ತು ಲಾರಿಗೆ ಇನ್ನೂ ಬೆಲೆ ಇತ್ತು. ಇನ್ನೊಬ್ಬರು ಗಣಿ ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಅಂತ ಮೀಟರ್ ಬಡ್ಡಿಗೆ ದುಡ್ಡು ತಂದು ಎರಡಕ್ಕೂ ಕಂತು ಕಟ್ಟಿದರು. ಅವರ ಪಾಸ್‌ಬುಕ್ ನೋಡಿ ನಾನು ಒಳ್ಳೆಯ ಗಿರಾಕಿ ಅಂದುಕೊಂಡಿದ್ದೆ. ಏಳು ತಿಂಗಳ ಮೇಲೆ ಲಾರಿ ಎರಡೂ ಹೋದವು, ಹೊಲವೂ ಹೋಯಿತು.

ಕಂತು ತಪ್ಪಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತೆ. ಆಮೇಲೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ 60 ದಿನದ ನೋಟಿಸು, ನಂತರ ಸ್ವಾಧೀನ, ಹರಾಜು. ಅಲ್ಲಿಗೆ ಬಂದ ಮೇಲೆ ಮ್ಯಾನೇಜರ್ ಒಳ್ಳೆಯವರಾಗಿದ್ದರೂ ಅವರ ಕೈಕಟ್ಟಿರುತ್ತೆ. ಮೊದಲೇ ಹೋದರೆ ಅವಧಿ ಹೆಚ್ಚಿಸಿ ಅಂತ ಕೇಳಬಹುದು. 19 ವರ್ಷವನ್ನು 25 ಮಾಡಿದರೆ ನಿಮ್ಮ ಕಂತು ನಾಲ್ಕು ಸಾವಿರದಷ್ಟು ಇಳಿಯುತ್ತೆ, ಅಷ್ಟೇ. ದೊಡ್ಡ ಪವಾಡ ಇಲ್ಲ. ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟಲು ಬಿಡುತ್ತಾರಾ ಕೇಳಿ. ಸಾಲ ಮರುಹೊಂದಾಣಿಕೆ ಆದರೆ ಅದು ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲದ ಚರಿತ್ರೆಯ ದಾಖಲೆಯಲ್ಲಿ, ಕಾಣುತ್ತೆ, ಕಾಣಲಿ. ಮನೆ ಹರಾಜಾದದ್ದು ಕಾಣುವುದಕ್ಕಿಂತ ವಾಸಿ. 2020ರಲ್ಲಿ ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಿದ ಹಾಗೆ ಈಗಲೂ ಮಾಡುತ್ತೆ ಅಂತ ಕಾಯಬೇಡಿ. ಅದು ಕೋವಿಡ್‌ಗೆ. ಆಗಲೂ ಬಡ್ಡಿ ಓಡುತ್ತಲೇ ಇತ್ತು.

ಇನ್ನು ನಿಮ್ಮ 14 ಲಕ್ಷ. ಇಲ್ಲಿ ನಾನು ಸ್ವಲ್ಪ ಹೆದರುಪುಕ್ಕಲಿ, ಅದನ್ನು ಗಮನದಲ್ಲಿಟ್ಟುಕೊಂಡೇ ಓದಿ. ಅದು ನಿಮ್ಮ, ನಿಮ್ಮ ಮನೆಯವರ ಮುಪ್ಪಿನ ದುಡ್ಡು. ಅದರಲ್ಲಿ ಏಳು ಲಕ್ಷ ಇಲ್ಲವೇ ಇಲ್ಲ ಅಂದುಕೊಳ್ಳಿ. ಉಳಿದದ್ದನ್ನು ಮಗನ ಖಾತೆಗೆ ಒಟ್ಟಿಗೆ ಹಾಕಬೇಡಿ. ಎಫ್‌ಡಿಯನ್ನು ಒಂದೊಂದು ಲಕ್ಷದ ಚೂರು ಮಾಡಿಸಿ, ಬೇಕಾದಾಗ ಒಂದೊಂದೇ ಮುರಿಸಿ. ತಿಂಗಳು ತಿಂಗಳು ಕಂತಿಗೆ ಎಷ್ಟು ಕಡಿಮೆ ಬೀಳುತ್ತೋ ಅಷ್ಟು ಮಾತ್ರ ಕೊಡಿ. ಒಂದು ವರ್ಷ ಅಂತ ಗಡುವು ಹಾಕಿ, ಅದನ್ನು ಈಗಲೇ ಮಗನಿಗೆ ಹೇಳಿ. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಫ್ಲ್ಯಾಟ್ ನೀವೇ ಮಾರಿ. ಮಾಲೀಕ ಮಾರಿದರೆ ಬರುವ ಬೆಲೆ ಹರಾಜಿನಲ್ಲಿ ಬರುವುದಿಲ್ಲ. ಮಗ ಬೇಜಾರು ಮಾಡಿಕೊಂಡರೆ ನನ್ನ ಹೆಸರು ಹೇಳಿ.

ದಾವಣಗೆರೆಯ ಮನೆ ಮುಟ್ಟಬೇಡಿ. ನೀವು ಸಹಿ ಹಾಕಿದ್ದು ಜಾಮೀನಿಗಾದರೂ, ಜೊತೆ ಸಾಲಗಾರನಾಗಿಯಾದರೂ, ಸಾಲದ ಹೊಣೆ ಮಗನಷ್ಟೇ ನಿಮಗೂ ಇದೆ. "ಸುಮ್ನೆ ಒಂದು ಸಹಿ" ಅನ್ನುವ ಮಾತನ್ನು ನಾನು ಮೂವತ್ತೊಂದು ವರ್ಷ ಕೇಳಿದ್ದೇನೆ. ಸುಮ್ನೆ ಸಹಿ ಅನ್ನುವುದು ಯಾವ ಬ್ಯಾಂಕಿನಲ್ಲೂ ಇಲ್ಲ.

ಇನ್ನೆರಡು ಮಾತು. ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗಿದೆ. ನಿಮ್ಮಿಬ್ಬರ ಹೆಸರೂ ಅದರಲ್ಲೇ ಇದ್ದಿರಬೇಕು. ಈ ವಾರವೇ ಸ್ವಂತ ಪಾಲಿಸಿ ನೋಡಿ, ನಮ್ಮಮ್ಮನ ಕತೆ ಮೇಲೆ ಹೇಳಿದೆನಲ್ಲ. ಮತ್ತೆ, ಮಗ ಪಿಎಫ್ ಪೂರ್ತಿ ತೆಗೆಯುವ ಆತುರ ಮಾಡದಿರಲಿ. ಐದು ವರ್ಷ ಸರ್ವಿಸ್ ಆಗುವ ಮೊದಲೇ ತೆಗೆದರೆ ತೆರಿಗೆ ಬೀಳಬಹುದು. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸರ್ವಿಸ್ ಬೇಕು.

ಪ್ರಶ್ನೆ: ಹಿಂಜರಿತ ಯಾವಾಗ ಬರುತ್ತೆ? ಒಬ್ಬ ಗುರೂಜಿ ಯೂಟ್ಯೂಬಿನಲ್ಲಿ ಶನಿ ಬದಲಾದ ಮೇಲೆ ಅಂದಿದ್ದಾರೆ. (ಹಿರಿಯೂರು)

ಗುರೂಜಿಯ ವಿಡಿಯೊ ಕೆಳಗೆ ಯಾವ ಜಾಹೀರಾತು ಬರುತ್ತೆ ನೋಡಿ. ಸ್ವಾತಂತ್ರ್ಯ ಬಂದ ಮೇಲೆ ಇಡೀ ವರ್ಷದ ಲೆಕ್ಕದಲ್ಲಿ ನಮ್ಮ ದೇಶದ ಆರ್ಥಿಕತೆ ಕುಗ್ಗಿದ್ದು ಐದು ಸಲ: 1957-58, 1965-66, 1972-73, 1979-80, ಆಮೇಲೆ ಕೋವಿಡ್‌ನ 2020-21. ಮೊದಲ ನಾಲ್ಕು ಸಲವೂ ಮಳೆ ಕೈಕೊಟ್ಟಿತ್ತು. ಭದ್ರಾ ಡ್ಯಾಮಿನ ಮಟ್ಟ, ಮೆಕ್ಕೆಜೋಳದ ರೇಟು ನೋಡುವ ನಮ್ಮ ಕಡೆಯ ರೈತರು ಗುರೂಜಿಗಿಂತ ಮುಂದಿದ್ದಾರೆ.

ಪ್ರಶ್ನೆ: ಬ್ಯಾಂಕು ಮುಳುಗಿದರೆ? ದುಡ್ಡು ತೆಗೆದು ಮನೆಯಲ್ಲಿಡಲಾ? (ಹರಿಹರ)

ಮನೆಯಲ್ಲಿಟ್ಟರೆ ಕಳ್ಳರಿಗೆ ಅನುಕೂಲ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ, ಬಡ್ಡಿ ಸೇರಿ, 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿವರೆಗೆ ಅದು ಒಂದೇ ಲಕ್ಷ ಇತ್ತು. ಆದರೆ ಈ ವಿಮೆ ಬ್ಯಾಂಕಿಗೆ ಮಾತ್ರ. ಒಂದು ಪರ್ಸೆಂಟ್ ಜಾಸ್ತಿ ಬಡ್ಡಿ ಕೊಡುತ್ತಾರೆ ಅಂತ ನೀವು ದುಡ್ಡಿಟ್ಟಿರುವ ಪತ್ತಿನ ಸಹಕಾರ ಸಂಘಕ್ಕೆ, ಸೌಹಾರ್ದಕ್ಕೆ ಅದು ಅನ್ವಯಿಸುವುದಿಲ್ಲ. ಹೆದರುವುದಿದ್ದರೆ ಅಲ್ಲಿ ಹೆದರಿ.

ಪ್ರಶ್ನೆ: ಪರಿಚಯದವರೊಬ್ಬರು ತಿಂಗಳಿಗೆ ನೂರಕ್ಕೆ ಐದು ಕೊಡುತ್ತೇವೆ, ಹಿಂಜರಿತದಲ್ಲೂ ನಿಲ್ಲಲ್ಲ ಅಂತಾರೆ. (ಚಿತ್ರದುರ್ಗ)

ನಿಲ್ಲುತ್ತೆ. ಅವರು ಊರು ಬಿಟ್ಟ ದಿನ. ಇಂಥ ಠೇವಣಿ ಸಂಗ್ರಹವನ್ನು 2019ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. 'ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ' ಅನ್ನುವ ಏಜೆಂಟರೂ ಇದೇ ಜಾತಿ. ಕೆಲಸ ಕಳೆದುಕೊಂಡವರ ವಾಸನೆ ಇವರಿಗೆ ನಮಗಿಂತ ಮೊದಲು ಸಿಗುತ್ತೆ.

ಪ್ರಶ್ನೆ: ಸಂಘದ ಸಾಲ ಎರಡು ವಾರ ಕಟ್ಟಿಲ್ಲ. ರಾತ್ರಿ ಎಂಟಕ್ಕೆ ಮನೆ ಬಾಗಿಲಿಗೆ ಬಂದು ಕೂರುತ್ತಾರೆ. (ಜಗಳೂರು)

ತಾಯಿ, ಸಾಲ ಕಟ್ಟಬೇಕು ನಿಜ. ಆದರೆ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮೈಕ್ರೊಫೈನಾನ್ಸ್ ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕಾಟ ಕೊಡುವಂತಿಲ್ಲ. ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯ ಸರ್ಕಾರವೂ ಕಾನೂನು ತಂದಿದೆ. ಇನ್ನೊಂದು ಸಲ ಬಂದರೆ ಫೋಟೊ ತೆಗೆದು ಠಾಣೆಗೆ ಹೋಗಿ, ಒಬ್ಬರೇ ಹೋಗಬೇಡಿ, ಸಂಘದ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ. ಈ ಸಾಲ ತೀರಿಸಲು ಇನ್ನೊಂದು ಸಂಘದಲ್ಲಿ ಸಾಲ ತೆಗೆಯಬೇಡಿ.

ಪ್ರಶ್ನೆ: ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ. ವ್ಯಾಪಾರ ಬಿದ್ದಿದೆ. ಉದ್ರಿ ಕೊಟ್ಟರೆ ಏಳುತ್ತಾ?

ಏಳುತ್ತೆ, ಪುಸ್ತಕದಲ್ಲಿ.

ಪ್ರಶ್ನೆ: ಇಂಥ ಕಾಲದಲ್ಲಿ ವಾರಕ್ಕೊಮ್ಮೆ ಬೆಣ್ಣೆ ದೋಸೆ ತಿನ್ನುವುದು ತಪ್ಪಾ?

ತಿನ್ನಿ. ಕ್ರೆಡಿಟ್ ಕಾರ್ಡಿನಲ್ಲಿ ತಿನ್ನಬೇಡಿ.

ಮುಂದಿನ ತಿಂಗಳಿಗೆ ಬರೆಯುವವರು ಸಾಲ ಎಷ್ಟು, ಬಡ್ಡಿ ಎಷ್ಟು, ಯಾರ ಯಾರ ಸಹಿ ಇದೆ ಅಂತ ಮೂರನ್ನೂ ಬರೆಯಿರಿ. "ಸ್ವಲ್ಪ ಸಾಲ ಇದೆ" ಅಂತ ಬರೆದ ಪತ್ರಗಳು ನನ್ನ ಮೇಜಿನ ಮೇಲೆ ಹಾಗೇ ಬಿದ್ದಿವೆ.