ಒರಟು ಗಡ್ಡಕ್ಕೆ ಮಡಚುವ ಕ್ಷೌರದ ಕತ್ತಿಯಲ್ಲಿ ಉರಿಯಿಲ್ಲದೆ ಶೇವ್ ಮಾಡುವುದು ಹೇಗೆ?

ಒರಟು ಗಡ್ಡದವರು ಮೊದಲು ಬೈಯುವುದು ಕತ್ತಿಯನ್ನು. ಆದರೆ ಜಾಸ್ತಿ ಸಲ ಕೂದಲೇ ಸರಿಯಾಗಿ ನೆನೆದಿರುವುದಿಲ್ಲ. ಒಣ ಕೂದಲು ತಂತಿ ಇದ್ದ ಹಾಗೆ. ನೀರು ಕುಡಿದರೆ ಮೆತ್ತಗಾಗುತ್ತದೆ. ಅದಕ್ಕೇ ಬಿಸಿನೀರಿನ ಸ್ನಾನ ಆದ ಮೇಲೆ ಶೇವ್ ಮಾಡಿ. ಬ್ರಷ್‌ನಲ್ಲಿ ಸೋಪಿನ ನೊರೆ ಹಚ್ಚಿ 2-3 ನಿಮಿಷ ಸುಮ್ನೆ ಬಿಡಿ. ನೊರೆ ಒಣಗುತ್ತಾ ಬಂದರೆ ಬ್ರಷ್ ಒದ್ದೆ ಮಾಡಿ ಮತ್ತೆ ಉಜ್ಜಿ.

ಕತ್ತಿಯನ್ನು ಪ್ರತಿ ಸಲವೂ ಚರ್ಮದ ಪಟ್ಟಿಗೆ ಎಳೆಯಬೇಕು. ಬೆನ್ನು ಮುಂದೆ, ಅಲಗು ಹಿಂದೆ. ಉಲ್ಟಾ ಎಳೆದರೆ ಪಟ್ಟಿಯೂ ಹೋಯಿತು, ಅಲಗೂ ಹೋಯಿತು. ಆಮೇಲೂ ಕೂದಲು ಕಿತ್ತ ಹಾಗೆ ಅನಿಸಿದರೆ ಸಾಣೆಕಲ್ಲಿಗೆ ಹಿಡಿಯಿರಿ.

ಶೇವ್ ಮಾಡುವಾಗ ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದುಕೊಳ್ಳಿ. ಕತ್ತಿ ಸುಮಾರು 30 ಡಿಗ್ರಿ ಓರೆ ಇರಲಿ, ಒತ್ತಬೇಡಿ. ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೇ. ಕುತ್ತಿಗೆಯಲ್ಲಿ ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ತಿರುಗಿರುತ್ತದೆ ಅಲ್ವಾ, ಬೆರಳಾಡಿಸಿ ನೋಡಿಕೊಳ್ಳಿ. ಎರಡನೇ ಸುತ್ತಿಗೆ ಮತ್ತೆ ನೊರೆ ಹಚ್ಚಿ, ಅಡ್ಡಕ್ಕೆ ಎಳೆಯಿರಿ. ಎದುರು ದಿಕ್ಕಿಗೆ ಬೇಡವೇ ಬೇಡ. ಗುಂಗುರು ಗಡ್ಡವಾದರಂತೂ ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆ ಏಳುತ್ತದೆ.