ಎರಡು ಒಲಿಂಪಿಕ್ ಚಿನ್ನ, ಆದರೂ ಹೆಸರು ಯಾರಿಗೂ ಗೊತ್ತಿಲ್ಲ

ಓದುಗರ ಪ್ರಶ್ನೆ, ಪಿ.ಟಿ. ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ಯೂಟ್ಯೂಬ್‌ನಲ್ಲಿ ಗಿಯೆರ್ಮೊ ರಿಗೊಂಡೊ ಎಂಬ ಕ್ಯೂಬಾದ ಬಾಕ್ಸರ್‌ನ ಪಂದ್ಯಗಳನ್ನು ನೋಡಿದೆ. ಮೈಗೆ ಗುದ್ದು ತಾಗದ ಹಾಗೆ ಆಡುತ್ತಾನೆ. ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದಾನೆ. ಆದರೆ ನಮ್ಮ ಜಿಮ್‌ನಲ್ಲಿ ಯಾರನ್ನು ಕೇಳಿದರೂ ಟೈಸನ್, ಮೇವೆದರ್, ಪಕಿಯಾವೊ ಅನ್ನುತ್ತಾರೆ. ಇವನ ಹೆಸರೇ ಕೇಳಿಲ್ಲ. ಇಷ್ಟೊಂದು ಪ್ರತಿಭೆ ಇದ್ದವರನ್ನು ಜನ ಯಾಕೆ ಹಚ್ಚಿಕೊಳ್ಳುವುದಿಲ್ಲ?
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಮ್ಮಾ, ನಿನ್ನ ಪತ್ರ ನೋಡಿ ತುಂಬಾ ಖುಷಿಯಾಯಿತು. ರಿಗೊಂಡೊ ಬಗ್ಗೆ ಯಾರಾದರೂ ಕೇಳಲಿ ಅಂತ ವರ್ಷಗಳಿಂದ ಕಾಯುತ್ತಿದ್ದೆ. ಈ ಸಲ ನಿನಗೇ ಜಾಸ್ತಿ ಜಾಗ ಕೊಡುತ್ತೇನೆ.

2013ರ ಏಪ್ರಿಲ್ 13ರ ಪಂದ್ಯವನ್ನು ನೀನು ನೋಡಿರಬಹುದು. ನ್ಯೂಯಾರ್ಕ್‌ನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ನಡೆದದ್ದು. ಎದುರಾಳಿ ಫಿಲಿಪೀನ್ಸ್ ಮೂಲದ ನೊನಿತೊ ಡೊನೇರ್. ಅಮೆರಿಕದ ಬಾಕ್ಸಿಂಗ್ ಬರಹಗಾರರು 2012ರ ವರ್ಷದ ಬಾಕ್ಸರ್ ಎಂದು ಆರಿಸಿದ್ದು ಅವನನ್ನೇ. ರಿಗೊಂಡೊಗೆ ವೃತ್ತಿಪರನಾಗಿ ಅದು ಬರೀ 12ನೇ ಪಂದ್ಯ.

ನಾನು ಅದನ್ನು ಆಮೇಲೆ ಮಗನ ಕಂಪ್ಯೂಟರ್‌ನಲ್ಲಿ ನೋಡಿದೆ. ಪಕ್ಕದಲ್ಲಿ ಮೊಮ್ಮಗು ಮಲಗಿತ್ತು, ಅದಕ್ಕೇ ಸದ್ದು ಪೂರ್ತಿ ನಿಲ್ಲಿಸಿದ್ದೆ. ಹಲಸೂರಿನ ಎಂಇಜಿ ಸೆಂಟರ್‌ನಲ್ಲಿ ನಾನು ಸಿಪಾಯಿಯಾಗಿದ್ದಾಗ ನಮಗೆ ಬಾಕ್ಸಿಂಗ್ ಕಲಿಸಿದ ಉಸ್ತಾದ್ ಒಂದು ಮಾತು ಹೇಳುತ್ತಿದ್ದರು: ಕೈ ನೋಡಬೇಡ, ಕಾಲು ನೋಡು. ಅವತ್ತು ಹಾಗೇ ನೋಡಿದೆ. ಡೊನೇರ್ ತನ್ನ ಹೆಸರಾಂತ ಎಡಗೈ ಹುಕ್ ಬೀಸುವ ಹೊತ್ತಿಗೆ ರಿಗೊಂಡೊ ಅರ್ಧ ಹೆಜ್ಜೆ ಹಿಂದಿರುತ್ತಿದ್ದ. ಒಂದು ಹೆಜ್ಜೆ ಅಲ್ಲ, ಅರ್ಧ. ಗುದ್ದು ಮೂಗಿನ ಮುಂದೆ ಹಾದುಹೋಗಲು ಎಷ್ಟು ಬೇಕೋ ಅಷ್ಟು. ಅದು ಹಾದ ಮರುಕ್ಷಣ ಇವನ ಎಡಗೈ ನೇರವಾಗಿ ಡೊನೇರ್ ಮುಖಕ್ಕೆ ಹೋಗುತ್ತಿತ್ತು. 10ನೇ ಸುತ್ತಿನಲ್ಲಿ ರಿಗೊಂಡೊ ಒಮ್ಮೆ ಬಿದ್ದ, ಎದ್ದ, ಮತ್ತೆ ತನ್ನ ಲೆಕ್ಕಕ್ಕೆ ಮರಳಿದ. ಕೊನೆಯ ಸುತ್ತಿಗೆ ಡೊನೇರ್‌ನ ಬಲಗಣ್ಣು ಊದಿಕೊಂಡಿತ್ತು. ಮೂವರು ಜಡ್ಜ್‌ಗಳೂ ರಿಗೊಂಡೊಗೇ ಗೆಲುವು ಕೊಟ್ಟರು: 114-113, 115-112, 116-111.

ಮಾರನೆಯ ದಿನ ಸದ್ದು ಹಾಕಿಕೊಂಡು ಅದೇ ಪಂದ್ಯ ಮತ್ತೆ ನೋಡಿದೆ. ನನಗೆ ನಂಬಲಾಗಲಿಲ್ಲ. ಜನ ಬೂ ಎಂದು ಕೂಗುತ್ತಿದ್ದರು! ನಾನು ಉಸಿರು ಬಿಗಿಹಿಡಿದು ನೋಡಿದ ಸುತ್ತುಗಳಿಗೇ ಆ ಕೂಗು.

ಗೆದ್ದ ಮೇಲೂ ಅವನಿಗೆ ಒಳ್ಳೆಯ ದಿನ ಬರಲಿಲ್ಲ. ಇಂಥ ಆಟವನ್ನು ಟಿವಿಯವರಿಗೆ ಮಾರುವುದು ಕಷ್ಟ ಅಂತ ಅವನ ಪಂದ್ಯಗಳನ್ನು ಏರ್ಪಡಿಸುತ್ತಿದ್ದ ಪ್ರೊಮೋಟರ್ ಬಾಬ್ ಆರಮ್ ಮುಚ್ಚುಮರೆ ಇಲ್ಲದೆ ಹೇಳಿದರು. ಅದೇ ಡಿಸೆಂಬರ್‌ನಲ್ಲಿ ಘಾನಾದ ಜೋಸೆಫ್ ಅಗ್ಬೆಕೊ ಮೇಲೆ ಹನ್ನೆರಡಕ್ಕೆ ಹನ್ನೆರಡು ಸುತ್ತೂ ಗೆದ್ದ. ಮೂವರು ಜಡ್ಜ್‌ಗಳೂ 120-108 ಬರೆದರು. ಆಗಲೂ ಯಾರೂ ಕುಣಿದಾಡಲಿಲ್ಲ. ಆಮೇಲಿನ ಪಂದ್ಯಗಳಲ್ಲಿ ಕೆಲವು ಮಕಾವ್‌ನಲ್ಲಿ, ಒಸಾಕಾದಲ್ಲಿ, ಕಾರ್ಡಿಫ್‌ನಲ್ಲಿ. ಸಾಕಷ್ಟು ಪಂದ್ಯ ಆಡುತ್ತಿಲ್ಲ ಎಂದು 2015ರಲ್ಲಿ ಡಬ್ಲ್ಯುಬಿಒ ಎಂಬ ಬಾಕ್ಸಿಂಗ್ ಸಂಸ್ಥೆಯವರು ತಮ್ಮ ವಿಶ್ವ ಪಟ್ಟವನ್ನೂ ಕಿತ್ತುಕೊಂಡರು. ಕೊನೆಗೆ 2017ರ ಡಿಸೆಂಬರ್‌ನಲ್ಲಿ, 37ನೇ ವಯಸ್ಸಿನಲ್ಲಿ, ಎರಡು ತೂಕದ ವಿಭಾಗ ಮೇಲೆ ಹತ್ತಿ ಉಕ್ರೇನ್‌ನ ಚಾಂಪಿಯನ್ ಲೊಮಾಚೆಂಕೊ ಎದುರು ನಿಂತ. ಆರು ಸುತ್ತು ಮುಗಿದ ಮೇಲೆ ಕೈನೋವು ಎಂದು ಸ್ಟೂಲಿನಿಂದ ಏಳಲಿಲ್ಲ. ದೊಡ್ಡ ಟಿವಿ ಪ್ರೇಕ್ಷಕರು ಅವನನ್ನು ಗಮನವಿಟ್ಟು ನೋಡಿದ್ದು ಅವತ್ತು. ಅದೇ ಅವನು ಸೋತ ದಿನ. ನನಗೆ ಇವತ್ತಿಗೂ ಅದು ಸಂಕಟ.

ಈಗ ನಿನ್ನ ಪ್ರಶ್ನೆ. ತಪ್ಪಿಸಿಕೊಳ್ಳುವ ಆಟ ಜನಕ್ಕೆ ಬೇಸರ ಅನ್ನುವುದು ಎಲ್ಲರೂ ಕೊಡುವ ಉತ್ತರ. ಅದರಲ್ಲಿ ಸ್ವಲ್ಪ ನಿಜ ಇದೆ. ಟಿವಿಯಲ್ಲಿ ಕಾಣುವುದು ಗ್ಲೌಸ್, ಕಾಲಲ್ಲ. ಗುದ್ದು ತಾಗಿದರೆ ಮಗುವಿಗೂ ಗೊತ್ತಾಗುತ್ತದೆ. ತಾಗದೇ ಹೋದದ್ದು ಯಾಕೆ ತಾಗಲಿಲ್ಲ ಅಂತ ಗೊತ್ತಾಗಲು ಕಣ್ಣು ಪಳಗಬೇಕು. ನಿಮ್ಮ ಊರಿನಲ್ಲೇ ಗರಡಿ ಮನೆಯಲ್ಲಿ ಬೆಳೆದ ಹಿರಿಯರನ್ನು ಕೇಳು. ಇಬ್ಬರು ಪೈಲ್ವಾನರು ಮಟ್ಟಿಯ ಮೇಲೆ ಐದು ನಿಮಿಷ ಕೈಗೆ ಕೈ ಕೊಟ್ಟು ನಿಂತರೂ ಅವರು ಎದ್ದು ಹೋಗುವುದಿಲ್ಲ. ಯಾರು ಯಾವ ಪಟ್ಟು ಹಾಕಲು ಹೊಂಚುತ್ತಿದ್ದಾನೆ ಅಂತ ಅವರಿಗೆ ಕಾಣುತ್ತಿರುತ್ತದೆ.

ಆದರೆ ಬರೀ ಅದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ರಾಹುಲ್ ದ್ರಾವಿಡ್ ಅವರನ್ನು ನೆನಪಿಸಿಕೋ. ಚೆಂಡು ಬಿಡುವುದನ್ನೂ ತಡೆಯುವುದನ್ನೂ ನಾವು ಗಂಟೆಗಟ್ಟಲೆ ನೋಡಿದೆವು. 2003ರಲ್ಲಿ ಅಡಿಲೇಡ್‌ನಲ್ಲಿ 233, ಎರಡನೇ ಸರದಿಯಲ್ಲಿ ಔಟಾಗದೆ 72. ಗೋಡೆ ಅಂತ ಹೆಮ್ಮೆಯಿಂದ ಕರೆದೆವು. ಯಾಕೆ? ಅವರು ನಮ್ಮವರು. ಅವರಿಗೆ ಚೆಂಡು ತಾಗಿದರೆ ನಮಗೆ ನೋವು. ರಕ್ಷಣೆಯ ಆಟ ನೋಡುತ್ತಾ ಕೂರಬೇಕಾದರೆ ಆಡುವವನ ಬಗ್ಗೆ ಮೊದಲೇ ಮಮತೆ ಇರಬೇಕು, ತಮ್ಮಾ.

ರಿಗೊಂಡೊನನ್ನು ‘ನಮ್ಮವನು’ ಅನ್ನಲು ಯಾರಿದ್ದರು ಹೇಳು? 2000ದ ಸಿಡ್ನಿ, 2004ರ ಅಥೆನ್ಸ್ ಚಿನ್ನಗಳನ್ನು ಅವನು ಗೆದ್ದಿದ್ದು ಕ್ಯೂಬಾಕ್ಕೆ. ಅಲ್ಲಿ ಆಗ ವೃತ್ತಿಪರ ಬಾಕ್ಸಿಂಗ್‌ಗೆ ನಿಷೇಧ. 2007ರಲ್ಲಿ ರಿಯೊದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ವೇಳೆ ಅವನೂ ಎರಿಸ್ಲಾಂಡಿ ಲಾರಾ ಎಂಬ ಇನ್ನೊಬ್ಬ ಬಾಕ್ಸರ್ ಕೂಡ ತಂಡದಿಂದ ಕಾಣೆಯಾದರು. ಬ್ರೆಜಿಲ್ ಪೊಲೀಸರು ಹಿಡಿದು ಮನೆಗೆ ಕಳುಹಿಸಿದರು. ಫಿಡೆಲ್ ಕ್ಯಾಸ್ಟ್ರೊ ತಾವೇ ಪತ್ರಿಕೆಯಲ್ಲಿ ಬರೆದು, ತಂಡ ಬಿಟ್ಟು ಹೋದವರನ್ನು ಯುದ್ಧದ ನಡುವೆ ಜೊತೆಗಾರರನ್ನು ಬಿಟ್ಟು ಓಡುವ ಸೈನಿಕರಿಗೆ ಹೋಲಿಸಿದರು. ಇವರು ಮತ್ತೆ ಕ್ಯೂಬಾ ಪರ ಆಡುವ ಹಾಗಿಲ್ಲ ಅಂತಾಯಿತು. 2009ರಲ್ಲಿ ಹೇಗೋ ಮಯಾಮಿ ಸೇರಿದ. ಆಗ ವಯಸ್ಸು 28. ಅವನು ಗೆದ್ದರೆ ಹಾದಿಬೀದಿಯಲ್ಲಿ ಪಟಾಕಿ ಹೊಡೆಯುವ ಊರು ಯಾವುದೂ ಉಳಿದಿರಲಿಲ್ಲ.

ಇಂಗ್ಲಿಷ್ ಬಾರದ್ದೇ ಕಾರಣ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೆಕ್ಸಿಕೊದ ಹೂಲಿಯೊ ಸೀಸರ್ ಚಾವೆಜ್ ಸ್ಪ್ಯಾನಿಷ್‌ನಲ್ಲೇ ಮಾತಾಡಿಕೊಂಡು ದೊಡ್ಡವನಾದ. 1993ರಲ್ಲಿ ಮೆಕ್ಸಿಕೊ ಸಿಟಿಯ ಅಜ್ಟೆಕಾ ಸ್ಟೇಡಿಯಂನಲ್ಲಿ ಅವನ ಪಂದ್ಯಕ್ಕೆ 1.3 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅಲ್ಲಿ ಭಾಷೆ ಅಡ್ಡ ಬರಲಿಲ್ಲ, ಅಲ್ವಾ? ಇನ್ನು ಮೇವೆದರ್. ಅವನದೂ ತಪ್ಪಿಸಿಕೊಳ್ಳುವ ಆಟವೇ. ಅವನು ದುಡ್ಡಿನ ಕಂತೆ ತೋರಿಸಿ, ಎದುರಾಳಿಯನ್ನು ಹೀಯಾಳಿಸಿ, ತನ್ನನ್ನು ದ್ವೇಷಿಸುವವರನ್ನು ತಾನೇ ಬೆಳೆಸಿದ. ಇವನು ಸೋಲುವುದನ್ನು ನೋಡಬೇಕು ಅಂತಲೇ ಜನ ದುಡ್ಡು ಕೊಟ್ಟರು. 2015ರಲ್ಲಿ ಪಕಿಯಾವೊ ಜೊತೆಗಿನ ಪಂದ್ಯವನ್ನು ಅಮೆರಿಕದಲ್ಲಿ 46 ಲಕ್ಷ ಮಂದಿ ಹಣ ಕಟ್ಟಿ ಟಿವಿಯಲ್ಲಿ ನೋಡಿದರು. ರಿಗೊಂಡೊನನ್ನು ಪ್ರೀತಿಸುವವರೂ ಕಡಿಮೆ, ದ್ವೇಷಿಸುವವರೂ ಕಡಿಮೆ.

ಇದು ಇವತ್ತಿನ ಕಥೆಯೂ ಅಲ್ಲ. 1979ರ ನವೆಂಬರ್ 30ರಂದು ಲಾಸ್ ವೇಗಸ್‌ನಲ್ಲಿ ಒಂದೇ ರಾತ್ರಿ ಶುಗರ್ ರೇ ಲೆನರ್ಡ್ ಮತ್ತು ಮಾರ್ವಿನ್ ಹ್ಯಾಗ್ಲರ್ ಇಬ್ಬರೂ ವಿಶ್ವ ಪಟ್ಟಕ್ಕಾಗಿ ಆಡಿದರು. ಲೆನರ್ಡ್‌ಗೆ 10 ಲಕ್ಷ ಡಾಲರ್. ಹ್ಯಾಗ್ಲರ್‌ಗೆ 40 ಸಾವಿರ. ಲೆನರ್ಡ್‌ನನ್ನು ಅಮೆರಿಕ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದಲೇ ಬಲ್ಲದು. ಗೆಳತಿಯ ಫೋಟೊವನ್ನು ಕಾಲುಚೀಲಕ್ಕೆ ಅಂಟಿಸಿಕೊಂಡು ಚಿನ್ನ ಗೆದ್ದ ಚೆಂದದ ಹುಡುಗ ಅವನು. ಹ್ಯಾಗ್ಲರ್ ಸಣ್ಣ ಸಣ್ಣ ಹಾಲ್‌ಗಳಲ್ಲಿ ಆಡುತ್ತಾ, ಪಟ್ಟಕ್ಕೆ ಮೊದಲ ಅವಕಾಶ ಸಿಗುವ ಹೊತ್ತಿಗೆ 49 ಪಂದ್ಯ ಮುಗಿಸಿದ್ದ. ‘ಮಾರ್ವೆಲಸ್’ ಎಂಬ ತನ್ನ ಅಡ್ಡಹೆಸರನ್ನು ಟಿವಿಯವರು ಹೇಳಲು ಒಪ್ಪದಿದ್ದಾಗ 1982ರಲ್ಲಿ ಕೋರ್ಟಿಗೆ ಹೋಗಿ ಅದನ್ನೇ ಅಧಿಕೃತ ಹೆಸರಾಗಿ ಬದಲಿಸಿಕೊಂಡ. ಆ ಮನುಷ್ಯನ ಮನಸ್ಸಿನಲ್ಲಿ ಎಷ್ಟು ನೋವಿದ್ದಿರಬೇಕು ಯೋಚಿಸು.

ರಿಗೊಂಡೊ ಪಂದ್ಯವನ್ನು ಮುಂದಿನ ಸಲ ಸದ್ದು ನಿಲ್ಲಿಸಿ ನೋಡು. ಜಿಮ್‌ನ ಗೆಳೆಯರನ್ನೂ ಕೂರಿಸಿಕೋ.

ಪ್ರಶ್ನೆ: ಸರ್, ಹೊರದೇಶದ ಮಾತು ಬಿಡಿ. ನಮ್ಮ ಅಮಿತ್ ಪಂಘಲ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದಿದ್ದು ಎಷ್ಟು ಜನಕ್ಕೆ ಗೊತ್ತು? ಇಲ್ಲಿ ‘ನಮ್ಮವರು’ ಇದ್ದರೂ ಹೀಗೇಕೆ?
– ಬ್ಯಾಂಕ್ ನೌಕರ, ಹುಬ್ಬಳ್ಳಿ

ಉತ್ತರ: ಸರಿಯಾಗಿ ಕೇಳಿದ್ದೀರಿ. ಅಮಿತ್ ರೋಹ್ಟಕ್ ಕಡೆಯ ಹುಡುಗ, ಸೈನ್ಯದವನು. ಹಾಗಾಗಿ ನನಗೆ ಒಂದು ಕೈ ಜಾಸ್ತಿಯೇ ಅಭಿಮಾನ. 2018ರ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ರಿಯೊ ಒಲಿಂಪಿಕ್ ಚಾಂಪಿಯನ್ ದುಸ್ಮಾತೊವ್‌ನನ್ನು ಸೋಲಿಸಿ ಚಿನ್ನ ಗೆದ್ದ. 2019ರಲ್ಲಿ ರಷ್ಯಾದ ಯೆಕಟೆರಿನ್‌ಬರ್ಗ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ತಲುಪಿದ. ಅದಕ್ಕೂ ಮೊದಲು ಭಾರತದ ಯಾವ ಪುರುಷ ಬಾಕ್ಸರ್ ಕೂಡ ಅಲ್ಲಿಗೆ ಹೋಗಿರಲಿಲ್ಲ. ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಪಂದ್ಯದಲ್ಲೇ ಸೋತ. ಮೂರು ಸುತ್ತು, ಒಟ್ಟು ಒಂಬತ್ತು ನಿಮಿಷ. ದೇಶದ ಬಹುಪಾಲು ಜನ ಅವನನ್ನು ನೋಡಿದ್ದು ಆ ಒಂಬತ್ತು ನಿಮಿಷ ಮಾತ್ರ.

ಕಬಡ್ಡಿ ಜೊತೆ ಹೋಲಿಸಿ ನೋಡಿ. ಪವನ್ ಸೆಹ್ರಾವತ್ ದೆಹಲಿಯವನು. ಆದರೆ 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಪರ 22 ಪಾಯಿಂಟ್ ತಂದಾಗ ನಮ್ಮ ಬೀದಿಯ ಹುಡುಗರೆಲ್ಲ ‘ನಮ್ಮ ಪವನ್’ ಅಂತ ಕುಣಿದರು. ಅವರು ಅವನನ್ನು ಎಷ್ಟೋ ಸಂಜೆ ಊಟದ ಹೊತ್ತಿಗೆ, ಕನ್ನಡ ಕಾಮೆಂಟರಿ ಜೊತೆ ನೋಡಿದ್ದರು. ‘ನಮ್ಮವನು’ ಅನ್ನಿಸಲು ಒಂದೇ ಊರಿನವನಾಗಬೇಕಿಲ್ಲ. ಮತ್ತೆ ಮತ್ತೆ ಕಾಣಬೇಕು.

ಬಾಕ್ಸಿಂಗ್‌ನಲ್ಲಿ ಅದೇ ಆಗಲಿಲ್ಲ. 2012ರ ಡಿಸೆಂಬರ್‌ನಲ್ಲಿ ನಮ್ಮ ದೇಶದ ಬಾಕ್ಸಿಂಗ್ ಸಂಸ್ಥೆಯನ್ನು ಅಂತರರಾಷ್ಟ್ರೀಯ ಸಂಸ್ಥೆ ಅಮಾನತು ಮಾಡಿತು. ಲಂಡನ್‌ನಲ್ಲಿ ಮೇರಿ ಕೋಮ್ ಕಂಚು ಗೆದ್ದು ನಾಲ್ಕೇ ತಿಂಗಳಾಗಿತ್ತು. ಆಗಲೇ ಆಟ ಮನೆಮನೆಗೆ ಬರಬೇಕಿತ್ತು. ಅದರ ಬದಲು 2013ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಹುಡುಗರು ತ್ರಿವರ್ಣ ಧ್ವಜವಿಲ್ಲದೆ ರಿಂಗ್‌ಗೆ ಇಳಿದರು. ಹೊಸ ಫೆಡರೇಷನ್ ನೆಲೆ ನಿಲ್ಲುವಾಗ 2016 ಬಂದಿತ್ತು. 2019ರ ಡಿಸೆಂಬರ್‌ನಲ್ಲಿ ಬಿಗ್ ಬೌಟ್ ಲೀಗ್ ಶುರುವಾಯಿತು. ಬೆಂಗಳೂರು ಬ್ರಾಲರ್ಸ್ ಅಂತ ನಮ್ಮದೂ ಒಂದು ತಂಡ ಇತ್ತು. ನಾನು ಪಂದ್ಯಗಳ ಸಮಯ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ. ಕೆಲವೇ ತಿಂಗಳಲ್ಲಿ ಕೊರೊನಾ ಬಂತು, ಎರಡನೇ ಸೀಸನ್ ನಡೆಯಲಿಲ್ಲ.

ಮೇರಿ ಕೋಮ್ ಹೆಸರು ಬಂದಿದ್ದಕ್ಕೆ ಇನ್ನೊಂದು ಮಾತು. ಲಂಡನ್‌ಗೆ ಹೋಗುವ ಮೊದಲೇ ಅವರು ಐದು ಸಲ ವಿಶ್ವ ಚಾಂಪಿಯನ್ ಆಗಿದ್ದರು: 2002, 2005, 2006, 2008, 2010. ಆ ವರ್ಷಗಳಲ್ಲಿ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅವರ ಹೆಸರು ಹೇಳಿದರೆ ಯಾರು ಅಂತ ಕೇಳುತ್ತಿದ್ದರು. ಒಲಿಂಪಿಕ್ಸ್‌ಗೆ ಮಹಿಳಾ ಬಾಕ್ಸಿಂಗ್ ಸೇರಿದ್ದೇ 2012ರಲ್ಲಿ. ಅದು ಇನ್ನೂ ತಡವಾಗಿದ್ದರೆ?

ಪ್ರಶ್ನೆ: ನಮಸ್ಕಾರ. ನನ್ನ ಮಗಳಿಗೆ 14 ವರ್ಷ. ಎರಡು ವರ್ಷದಿಂದ ಬಾಕ್ಸಿಂಗ್ ಕಲಿಯುತ್ತಿದ್ದಾಳೆ. ಚುರುಕಾಗಿ ತಪ್ಪಿಸಿಕೊಂಡು ಆಡುತ್ತಾಳೆ. ‘ಹೀಗೆ ಹಿಂದೆ ಹಿಂದೆ ಹೋದರೆ ಯಾರೂ ಗುರುತಿಸಲ್ಲ, ಮುನ್ನುಗ್ಗಿ ಹೊಡಿ’ ಅಂತ ನಮ್ಮ ಭಾವ ಹೇಳುತ್ತಿರುತ್ತಾರೆ. ಆಟ ಬದಲಿಸಬೇಕಾ?
– ಗೃಹಿಣಿ, ಮೈಸೂರು

ಉತ್ತರ: ಬೇಡ ತಾಯಿ, ದಯವಿಟ್ಟು ಬದಲಿಸಬೇಡಿ. ತಲೆಗೆ ಗುದ್ದು ತಿನ್ನದಿರುವುದನ್ನು ಈ ವಯಸ್ಸಿನಲ್ಲಿ ಕಲಿತರೆ ಕೊನೆಯವರೆಗೂ ಕೈಬಿಡುವುದಿಲ್ಲ. ಮುನ್ನುಗ್ಗುವುದನ್ನು ಆಮೇಲೂ ಕಲಿಯಬಹುದು. ಬೇರೆಯವರು ಚಪ್ಪಾಳೆ ಹೊಡೆಯಲಿ ಅಂತ ಮಗು ಪೆಟ್ಟು ತಿನ್ನಬೇಕಾಗಿಲ್ಲ.

ಆದರೆ ನಿಮ್ಮ ಭಾವನವರ ಮಾತಿನಲ್ಲಿ ಒಂದು ಅಂಶ ಇದೆ. ಬರೀ ತಪ್ಪಿಸಿಕೊಂಡರೆ ಜಡ್ಜ್‌ಗಳು ಪಾಯಿಂಟ್ ಕೊಡುವುದಿಲ್ಲ. ತಾಗಿದ ಗುದ್ದನ್ನು ಅವರು ಎಣಿಸುತ್ತಾರೆ. ಹಾಗಾಗಿ ತಪ್ಪಿಸಿಕೊಂಡ ಕೂಡಲೇ ಒಂದು ಹೊಡೆತ ವಾಪಸ್ ಹೋಗಬೇಕು. ನಮ್ಮ ಉಸ್ತಾದ್ ನೆಲಕ್ಕೆ ಕರವಸ್ತ್ರ ಹಾಸಿ ಅದರ ಮೇಲೆ ನಮ್ಮ ಎಡಗಾಲು ಇಡಿಸುತ್ತಿದ್ದರು. ಎದುರಿನವನು ನಿಧಾನವಾಗಿ ಗುದ್ದುತ್ತಾನೆ. ಕಾಲು ಕರವಸ್ತ್ರ ಬಿಡದ ಹಾಗೆ ಸೊಂಟದಿಂದ ಬಾಗಿ ತಪ್ಪಿಸಿಕೊಳ್ಳಬೇಕು, ತಕ್ಷಣ ಒಂದು ಕೊಡಬೇಕು. ಎರಡು ನಿಮಿಷದ ಮೂರು ಸುತ್ತು ಸಾಕು. ಅವಳ ಕೋಚ್‌ಗೆ ತೋರಿಸಿ, ಅವರು ಒಪ್ಪಿದರೆ ಅವರ ಎದುರೇ ಮಾಡಲಿ.

ಇನ್ನೊಂದು ಕೆಲಸ ನಿಮ್ಮದು. ಅವಳ ಮುಂದಿನ ಪಂದ್ಯಕ್ಕೆ ಭಾವನವರನ್ನೂ ಅಕ್ಕಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ರಿಂಗ್‌ನ ಮೂಲೆಯ ಹತ್ತಿರ ಕೂರಿಸಿ. ಕೈ ನೋಡಬೇಡಿ, ಅವಳ ಕಾಲು ನೋಡಿ ಅಂತ ಮೊದಲೇ ಹೇಳಿಡಿ. ಪಂದ್ಯ ಮುಗಿದ ಮೇಲೆ ಅವರು ಏನಂದರು ಅಂತ ನನಗೆ ಬರೆಯಿರಿ. ಅವಳು ಯಾವ ತೂಕದಲ್ಲಿ ಆಡುತ್ತಾಳೆ ಅನ್ನುವುದನ್ನೂ ತಿಳಿಸಿ.